ತಂತಿಯಕ್ಕನ ಪಕ್ಕದ ಸ್ಟೂಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದುರಸ್ತಿ ಶೆಡ್ಡಿನ ದೀಪ ಹಾಕಿದವಳೇ ಆಕೆ ಮೇಜಿನ ಮೇಲಿನ, ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರುಗಳತ್ತ ಕಣ್ಣು ಹಾಯಿಸುತ್ತಾಳೆ. ಎಣ್ಣೆ ಡಬ್ಬಿಯಷ್ಟು ಎತ್ತರದ ಪೆಟ್ಟಿಗೆಗಳು, ಒಂದೊಂದರ ನೆತ್ತಿಯ ಮೇಲೂ ಕರೆಂಟು ಹಾಯುವ ಎರಡು ಕೊಂಬು. ಎರಡನ್ನೂ ಜೋಡಿಸಿ ತಾಮ್ರದ ತಂತಿ ಸುತ್ತಿದೆಯೇ? ಸುತ್ತಿದೆ. ಆಮೇಲೆಯೇ ಕೈಗವಸು.

ಶೆಡ್ಡಿನವರಿಗೆ ಆಕೆ ‘ತಂತಿಯಕ್ಕ’. ಹಾಗಾಗಿ ಆಕೆಯ ಗಂಡ ಎಲ್ಲರಿಗೂ ಭಾವ. ಗೇಟು ದಾಟದ ಕಾರಣ ‘ಗೇಟು ಭಾವ’. ದಿನಾ ಬುತ್ತಿ ಹಿಡಿದು ಹೆಂಡತಿಯ ಜೊತೆ ನಡೆದು ಬರುತ್ತಾನೆ, ಗೇಟು ಉರುಳುವ ಕಬ್ಬಿಣದ ಹಳಿಯ ಆಚೆಯೇ ನಿಂತುಬಿಡುತ್ತಾನೆ.

“ರೀ, ಚಳಿ. ಒಳಗೆ ಬಂದು ಟೀ ಕುಡೀರಿ.”

“ಇಲ್ಲೇ ಗಾಳಿ ಚೆನ್ನಾಗಿದೆ ಬಿಡೇ.”

“ಗಾಳಿ ಕುಡಿದ್ರೆ ಹೊಟ್ಟೆ ತುಂಬುತ್ತಾ?”

ಅವನು ನಗುತ್ತಾನೆ. ಬರುವುದಿಲ್ಲ.

ಆಕೆಗೆ ಈ ಕೆಲಸ ಕಲಿಸಿದವನು ಅವನೇ. ಈಗ ಹೈಸ್ಕೂಲಿನಲ್ಲಿರುವ ಮಗಳಿಗೆ ಆಗಿನ್ನೂ ಹಲ್ಲು ಮೂಡಿರಲಿಲ್ಲ. ಒಂದು ಮಧ್ಯಾಹ್ನ ಇದೇ ಶೆಡ್ಡಿನಲ್ಲಿ ಅವನು ಕೆಪಾಸಿಟರಿನ ಕರೆಂಟು ಇಳಿಸಿ, ತಂತಿ ಬಿಚ್ಚಿಟ್ಟು, ಊಟಕ್ಕೆ ಎದ್ದ. ಬಂದು ಕೊಂಬುಗಳ ಮೇಲೆ ಎರಡೂ ಕೈ ಇಟ್ಟ. ಬರಿದಾಗಿದ್ದ ಪೆಟ್ಟಿಗೆ ಅಷ್ಟರಲ್ಲಿ ತಾನಾಗಿ ಮತ್ತೆ ತುಂಬಿಕೊಂಡಿತ್ತು. ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಅಂದಿನಿಂದ ಅವನು ಗೇಟು ದಾಟಿಲ್ಲ.

ಯಾರೂ ಮುಟ್ಟದೆ ತುಂಬಿದ್ದು ಹೇಗೆ? ಒಳಗೆ ಲೋಹದ ಹಾಳೆಗಳ ನಡುವೆ ಎಣ್ಣೆ ಕುಡಿದ ಕಾಗದವಿದೆ. “ಕಾಗದದಲ್ಲಿ ಕರೆಂಟು ಓಡಲ್ಲ. ಒಳಗಿನ ಕಣಗಳು ಇದ್ದಲ್ಲೇ ಒಂಚೂರು ಸರಿದು ನಿಲ್ಲುತ್ವೆ,” ಎನ್ನುತ್ತಾಳೆ, ಕೇಳಿದವರಿಗೆ. “ಕರೆಂಟು ಇಳಿಸಿದ್ರೂ ಎಲ್ಲಾ ಒಟ್ಟಿಗೆ ಮೊದಲಿನ ಜಾಗಕ್ಕೆ ಬರಲ್ಲ. ನಿಧಾನದವೂ ಇರ್ತವೆ. ಅವು ಆಮೇಲೆ ಸರಿದಾಗ ಕೊಂಬಿಗೆ ಮತ್ತೆ ಕರೆಂಟು ಬರುತ್ತೆ. ಅವೆಲ್ಲ ಬರೋವರೆಗೂ ತಂತಿ ಬಿಚ್ಚಬಾರದು.” ವಿಜ್ಞಾನದವರು ‘ವಿದ್ಯುತ್ ಸ್ಥಾನಪಲ್ಲಟ ಕ್ಷೇತ್ರ’ ಎಂದು ಕರೆಯುವ ಅಳತೆಯಲ್ಲಿ ಈ ಚೂರು ಸರಿದಾಟವೂ ಸೇರಿದೆ.

ಸೋರುವ ಪೆಟ್ಟಿಗೆಗೆ ಬೆಸುಗೆ ಹಾಕುವುದು, ಕೊಂಬು ಬದಲಿಸುವುದು, ಎತ್ತಿಳಿಸುವುದು, ಎಲ್ಲ ಆಕೆಯದೇ. ಪಕ್ಕದ ಖಾಲಿ ಸ್ಟೂಲಿನ ಮೇಲೆ ಮಾತ್ರ ಯಾರಾದರೂ ಸ್ಪ್ಯಾನರ್ ಇಟ್ಟರೆ ರೇಗುತ್ತಾಳೆ. “ಕೆಲಸಕ್ಕೆ ಜನ ಸಿಗ್ತಾರೆ. ಪಕ್ಕದಲ್ಲಿ ಕೂತು ಬೈಯೋಕೆ ನಮ್ಮನೆಯವ್ರೇ ಬೇಕು.”

ಗೇಟಿನಿಂದ ಕೂಗು ಬರುತ್ತದೆ. ಮನೆಗೆ ಹೊರಡುವ ಮುನ್ನ ಅವನು ದಿನವೂ ಕೇಳುವ ಮಾತು: “ತಂತಿ ಇದೆ ತಾನೇ?”

‘ಇದೆ’ ಎನ್ನುವುದು ಆಕೆಯ ರೂಢಿ. ಇಂದು ಬಾಯಿಗೆ ಬೇರೆಯದೇ ಬರುತ್ತದೆ. “ನೀವೇ ನೋಡ್ಕೊಳ್ಳಿ.”

ಗೇಟಿನ ಬಳಿ ಜಲ್ಲಿಕಲ್ಲು ಸರಕ್ಕೆನ್ನುತ್ತದೆ. ಅವನ ಒಂದು ಕಾಲು ಹಳಿಯ ಈಚೆಗಿದೆ. ಇನ್ನೊಂದು ಆಚೆಯೇ. ಕುತ್ತಿಗೆ ಚಾಚಿ ಮೇಜಿನತ್ತ ನೋಡುತ್ತಿದ್ದಾನೆ.

ಓರೆಗಣ್ಣಿಗೆ ಕಂಡರೂ ಆಕೆ ತಿರುಗುವುದಿಲ್ಲ. “ಈಗ ಕರೆದ್ರೆ ಹಿಂದಕ್ಕೆ ಹೋಗ್ತಾರೆ,” ಎಂದು ಪಿಸುಗುಟ್ಟಿ, ಬಟ್ಟೆ ತೆಗೆದುಕೊಂಡು ಸ್ಟೂಲು ಒರೆಸತೊಡಗುತ್ತಾಳೆ. “ಹೊತ್ತು ತಗೊಳ್ಳಲಿ. ಸ್ಟೂಲು ಎಲ್ಲಿಗೂ ಹೋಗಲ್ಲ.”