ಮನೆ ಬಿಡುವ ಹೊತ್ತು

ಆ ಲಕೋಟೆ ನನ್ನ ಮೇಜಿಗೆ ಬಂದ ದಿನ ನಾನು ಭಾಳ ಸಮಾಧಾನದಲ್ಲಿದ್ದೆ. ನನ್ನ ಮಟ್ಟಿಗೆ ಸಮಾಧಾನವೆಂದರೆ, ಮನೆಯಲ್ಲಿ ಗ್ಯಾಸ್ ಬಂದ್ ಮಾಡಿ ಬಂದೆನೋ ಇಲ್ಲವೋ ಎಂಬ ಒಂದೇ ಚಿಂತೆ ತಲೆಯಲ್ಲಿ ಓಡುತ್ತಿತ್ತು ಅಂತ ಅರ್ಥ.

ನಾನು ಒಂದು ಸರಕಾರಿ ವಿಶ್ವವಿದ್ಯಾಲಯದ ಯೋಜನಾ ವಿಭಾಗದಲ್ಲಿ ಅಧೀಕ್ಷಕ. ಶಹಾಬಾದಿನಲ್ಲಿ ಮನೆ, ದಿನಾ ರೈಲಿನಲ್ಲಿ ಹೋಗಿಬರುವವನು. "ಬ್ಯಾರೆ ಮಂದಿ ಪುಕ್ಕಟ ಚಿಂತಿ ಮಾಡ್ತಾರ. ನಿಮಗ ಪಗಾರ ಕೊಟ್ಟು ಮಾಡಸ್ತಾರ" ಎಂದು ನನ್ನ ಹೆಂಡತಿ ನೆಂಟರೆದುರು ಹೇಳುವುದುಂಟು. ಸುಳ್ಳಲ್ಲ. ಮುಂದಿನ ವರ್ಷ ಏನೇನು ಆಗಬೇಕು, ಯಾವಾಗ ಆಗಬೇಕು ಎಂದು ಬರೆಯುವುದು ನನ್ನ ಕೆಲಸ. ಅದು ಹಂಗ ಆಗದಿದ್ದರ ಹ್ಯಾಂಗ ಎಂದು ಹೆದರುವುದು ನನ್ನ ಸ್ವಭಾವ.

ಆ ಸಲ ಮೇಲಿನಿಂದ ಬಂದ ಕೆಲಸವೆಂದರೆ, ಸಣ್ಣ ಪರೀಕ್ಷಾ ಕೇಂದ್ರಗಳನ್ನು ಮುಚ್ಚಿ ದೊಡ್ಡ ಕೇಂದ್ರಗಳಿಗೆ ಸೇರಿಸುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರು ನನ್ನ ಪಾಲಿಗೆ ಬಂದವು. ನಾನು ಏನೆಲ್ಲ ಚಿಂತಿಸಿದೆ! ಪ್ರಶ್ನೆಪತ್ರಿಕೆಯ ಬಂಡಲ್ ಮಳೆಯಲ್ಲಿ ನೆನೆದರೆ? ಮೊಹರಿನ ಅರಗು ಬಿಸಿಲಿಗೆ ಕರಗಿದರೆ? ವಾಡಿ ಜಂಕ್ಷನ್ನಿನಲ್ಲಿ ಗಾಡಿ ಅರ್ಧ ತಾಸು ನಿಂತುಬಿಟ್ಟರೆ? ರೈಲಿನ ವೇಳಾಪಟ್ಟಿ ಹರಡಿಕೊಂಡು ನಿಮಿಷ ನಿಮಿಷ ಲೆಕ್ಕ ಹಾಕಿ, ವಾಡಿ ಮತ್ತು ಚಿತ್ತಾಪುರದವರನ್ನು ಶಹಾಬಾದಿಗೆ ತಂದೆ. ಸೇಡಂ ದೊಡ್ಡ ಕೇಂದ್ರ, ಇದ್ದಲ್ಲೇ ಇತ್ತು. ಇನ್ನು ಉಳಿದದ್ದು ಚಿಂಚೋಳಿ. ಚಿಂಚೋಳಿಗೆ ರೈಲಿಲ್ಲ. ಹುಟ್ಟಿದಾಗಿನಿಂದ ಹಳಿಯ ಮೇಲೆಯೇ ತಿರುಗಾಡಿದ ನನಗೆ, ರೈಲಿಲ್ಲದ ಊರಿನ ಬಗ್ಗೆ ಚಿಂತೆ ಮಾಡಲು ಏನೂ ಹೊಳೆಯಲಿಲ್ಲ. ಬಸ್ಸು ಇರ್ತಾವಲ್ಲ ಎಂದುಕೊಂಡು, ನಕ್ಷೆಯ ಮೇಲೆ ಸ್ಕೇಲು ಇಟ್ಟು, ಚಿಂಚೋಳಿಯಿಂದ ಸೇಡಂಗೆ ಒಂದು ಪೆನ್ಸಿಲ್ ಗೆರೆ ಎಳೆದೆ. ಗೆರೆ ಭಾಳ ಚಂದ ಬಂತು. ಐವತ್ತು ದಾಟಿದವನ ಕೈ ಇನ್ನೂ ನಡುಗುತ್ತಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಕರಡು ಸುತ್ತೋಲೆ ಎಲ್ಲ ಕಾಲೇಜಿಗೂ ಹೋಯಿತು. ಏಳು ದಿನದೊಳಗೆ ಆಕ್ಷೇಪಣೆ ಇದ್ದರೆ ತಿಳಿಸತಕ್ಕದ್ದು. ಕೆಲವರು "ಆಕ್ಷೇಪಣೆ ಇಲ್ಲ" ಎಂದು ಬರೆದರು, ಉಳಿದವರು ಏನೂ ಬರೆಯಲಿಲ್ಲ. ಕೊನೆಯ ದಿನ ಚಿಂಚೋಳಿಯ ಒಂದು ಸಣ್ಣ ಕಾಲೇಜಿನಿಂದ ಆ ಲಕೋಟೆ ಬಂತು. ಒಳಗೆ ಪತ್ರವಿರಲಿಲ್ಲ. ಗೆರೆ ಹಾಕಿದ ರಿಜಿಸ್ಟರಿನ ಹಾಳೆಗಳ ನಕಲು. ಮೊದಲ ಕಾಲಮಿನಲ್ಲಿ ವಿದ್ಯಾರ್ಥಿಯ ಹೆಸರು, ಎರಡನೆಯದರಲ್ಲಿ ಊರು, ಮೂರನೆಯದರಲ್ಲಿ ಗಂಟೆ. ಮೇಲೆ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: "ತಮ್ಮ ಕರಡು ಸುತ್ತೋಲೆಯಂತೆ ನಡೆಯಲು ಮನೆ ಬಿಡುವ ಹೊತ್ತು."

ಪರೀಕ್ಷಾ ಕೇಂದ್ರದ ಬಾಗಿಲು ಮುಚ್ಚುವುದು ಬೆಳಿಗ್ಗೆ ಹತ್ತೂವರೆಗೆ. ಊರಿನೊಳಗಿನವರ ಹೆಸರಿನ ಮುಂದೆ ಏಳೂವರೆ ಎಂದಿತ್ತು. ಕೆಳಗೆ ಇಳಿದಂತೆ ಆರು, ಐದೂಕಾಲು, ನಾಲ್ಕೂವರೆ. ಆಮೇಲೆ ಒಂದು ಹೆಸರಿನ ಮುಂದೆ ಗಂಟೆಯೇ ಇಲ್ಲ: "ಹಿಂದಿನ ದಿನ." ಅದರ ಕೆಳಗೂ ಹಿಂದಿನ ದಿನ. ಆ ಹಾಳೆಯ ಕೊನೆಯವರೆಗೂ ಹಿಂದಿನ ದಿನ.

ಏನೋ ತಪ್ಪಿ ಬಂದ ಹಾಳೆ ಎಂದುಕೊಂಡು ಫೋನು ಮಾಡಿದೆ. ಎತ್ತಿದಾಕೆ ಆ ಕಾಲೇಜಿನ ಕಚೇರಿಯ ಗುಮಾಸ್ತೆ.

"ನಾನೇ ಬರ್ದೀನ್ರಿ ಸರ. ಇಲ್ಲಿ ಆಫೀಸಿನಾಗ ನಾನೊಬ್ಬಾಕಿನೇ ಇರಾದು."

"ಹಿಂದಿನ ದಿನ ಅಂತ ಬರ್ದೀರಲ್ಲ, ಏನ್ರಿ ಹಂಗಂದ್ರ?"

"ಹಿಂದಿನ ದಿನ ಅಂದ್ರ ಹಿಂದಿನ ದಿನರಿ. ಪರೀಕ್ಷಾ ಮಂಗಳವಾರ ಅದ ಅಂದ್ರ, ಸೋಮವಾರ."

"ಆಕ್ಷೇಪಣಿ ಇದ್ರ ಆಕ್ಷೇಪಣಿ ಅಂತ ಬರೀಬೇಕಿತ್ತಲ್ಲ?"

"ತೌಬಾ! ನಿಮ್ಮ ಸುತ್ತೋಲಿಗಿ ಆಕ್ಷೇಪಣಿ ಮಾಡಾಕ ನಾ ಯಾರ್ರಿ? ನೀವು ಹೇಳಿದ್ದು ಮಾಡಬೇಕಂದ್ರ ಎಷ್ಟೊತ್ತಿಗಿ ಹೊಂಡಬೇಕು, ಅಷ್ಟೇ ಬರ್ದೀನಿ. ಪ್ರತಿ ಸಲಾನೂ ಬರೀತೀನಿ."

ಪ್ರತಿ ಸಲವೂ ಎಂಬ ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ. ಎರಡು ದಿನ ಬಿಟ್ಟು ರಜೆ ಹಾಕಿ ಚಿಂಚೋಳಿಗೆ ಹೋದೆ.

ಕಾಲೇಜೆಂದರೆ ಒಂದು ಉದ್ದ ಪಡಸಾಲೆ, ಅದರ ಬೆನ್ನಿಗೆ ಕೋಣೆಗಳು. ನಾನು ಅಲ್ಲಿಗೆ ಮುಟ್ಟಿದಾಗ ಆ ಗುಮಾಸ್ತೆ ಪಡಸಾಲೆಯ ಮೆಟ್ಟಿಲ ಮೇಲೆ ನಿಂತು ವಿದ್ಯಾರ್ಥಿಗಳಿಗೆ ಓದಿ ಹೇಳುತ್ತಿದ್ದಳು. ನನ್ನಷ್ಟೇ ವಯಸ್ಸು, ತಲೆಯ ಮೇಲೆ ದುಪಟ್ಟಾ, ಮೂಗಿನ ತುದಿಗೆ ಕನ್ನಡಕ. ಎಲ್ಲರೂ ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಓದುತ್ತಿದ್ದದ್ದು ಅಂಕಪಟ್ಟಿಯ ತಿದ್ದುಪಡಿಗೆ ಖುದ್ದು ಹಾಜರಾಗಬೇಕೆಂಬ ನನ್ನದೇ ಸುತ್ತೋಲೆ. ನನ್ನ ವಾಕ್ಯವನ್ನು ಇನ್ನೊಬ್ಬರ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. "ತತ್ಸಂಬಂಧ ಮೇಲ್ಕಾಣಿಸಿದ ದಾಖಲೆಗಳೊಂದಿಗೆ" ಎಂಬಲ್ಲಿ ಆಕೆ ಒಮ್ಮೆ ಉಸಿರು ತೆಗೆದುಕೊಂಡಳು, "ನಿಗದಿಪಡಿಸಿದ ಅವಧಿಯೊಳಗಾಗಿ" ಎಂಬಲ್ಲಿ ಇನ್ನೊಮ್ಮೆ. ಓದಿ ಮುಗಿಸಿ ಕನ್ನಡಕ ಏರಿಸಿ ಕೇಳಿದಳು:

"ಅಂದ್ರ, ಮುಂಜಾನಿ ಹನ್ನೊಂದಕ್ಕ ಯುನಿವರ್ಸಿಟಿಯಾಗ ಇರಬೇಕು. ಹೇಳ್ರಿ, ಯಾರು ಎಷ್ಟೊತ್ತಿಗಿ ಮನಿ ಬಿಡ್ತೀರಿ?"

ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಗಂಟೆ ಹೇಳತೊಡಗಿದರು. ಆಕೆ ಬರೆದುಕೊಂಡಳು. ಒಬ್ಬ "ಏಳಕ್ಕ ಆಪಾ" ಎಂದಾಗ, "ಸುಳ್ಳ ಹೇಳಬ್ಯಾಡ. ನಿಮ್ಮೂರಾಗ ಏಳರ ಬಸ್ ನಿಂತು ವರ್ಷ ಆತು" ಎಂದು ಗದರಿದಳು.

ಕಚೇರಿಯ ಕಪಾಟಿನಲ್ಲಿ ಹಳೆಯ ರಿಜಿಸ್ಟರುಗಳು ಸಾಲಾಗಿ ನಿಂತಿದ್ದವು. ನಾನು ಬರೆದ ಒಂದೊಂದು ಸುತ್ತೋಲೆಗೂ ಅಲ್ಲಿ ಒಂದೊಂದು ಪುಟ. ನನ್ನ ಕೆಲಸದ ಇನ್ನೊಂದು ಮುಖ ಆ ಕಪಾಟಿನಲ್ಲಿ ಇಷ್ಟು ವರ್ಷ ಇತ್ತು, ನನಗೆ ಗೊತ್ತಿರಲಿಲ್ಲ. ಒಂದು ಪುಟ ತೆಗೆದೆ. ಬೆಳಿಗ್ಗೆ ಏಳು ಗಂಟೆಗೆ ಕಾಲೇಜಿನ ಆವರಣದಲ್ಲಿ ಸ್ವಚ್ಛತಾ ಅಭಿಯಾನ, ಹಾಜರಿ ಕಡ್ಡಾಯ ಎಂದು ನಾನು ಯಾವಾಗಲೋ ಹೊರಡಿಸಿದ್ದೆ. ಅಲ್ಲಿಯೂ ಕೆಲವು ಹೆಸರುಗಳ ಮುಂದೆ "ಹಿಂದಿನ ದಿನ."

"ಕಸಾ ಹೊಡಿಯಾಕ ಹಿಂದಿನ ದಿನ ಹೊಂಟಿದ್ರೇನ್ರಿ?" ಎಂದೆ. ನಗಲು ನೋಡಿದೆ, ಆಗಲಿಲ್ಲ.

"ಹೊಂಟಿದ್ರರಿ. ನಮ್ಮ ಮನಿ ಪಡಸಾಲಿಯಾಗ ಮಲ್ಕೊಂಡಿದ್ರು. ಕಡ್ಡಾಯ ಅಂತ ಬರ್ದಿದ್ರಲ್ಲ ನೀವು."

ದೂರಿನ ದನಿ ಇರಲಿಲ್ಲ. ಮಳೆ ಬಂತು ಎನ್ನುವಂತೆ ಹೇಳಿದಳು. ಆಮೇಲೆ ಕರಡು ಸುತ್ತೋಲೆಯ ಪುಟ ತೆರೆದು, "ಹಿಂದಿನ ದಿನ" ಎಂದಿದ್ದ ಮೊದಲ ಹೆಸರಿನ ಮೇಲೆ ಬೆರಳಿಟ್ಟಳು. ಕಾಡಿನಂಚಿನ ತಾಂಡಾದ ಹುಡುಗಿ, ಕೊನೆಯ ಸೆಮಿಸ್ಟರು.

"ಚಿಂಚೋಳಿ ಆದ್ರ ನಮ್ಮ ಮನಿ ಅದ. ಸೇಡಂದಾಗ ಆಕಿಗಿ ಯಾರಿಲ್ಲ. ಆರು ಪೇಪರು, ಆರು ರಾತ್ರಿ. ಅಪ್ಪ ಕಳಸಾಂಗಿಲ್ಲ. ಕೇಂದ್ರ ಅಲ್ಲಿಗಿ ಹೋತು ಅಂದ್ರ ಆಕಿ ಪರೀಕ್ಷಾ ಬರಿಯಾಂಗಿಲ್ಲ, ಅಷ್ಟೇ."

ಮರುದಿನ ಕುಲಸಚಿವರ ಮುಂದೆ ಆ ಹಾಳೆಗಳನ್ನು ಇಟ್ಟೆ. ಅವರು ಕೆಟ್ಟವರಲ್ಲ, ಕಾಗದ ನೋಡಿ ನೋಡಿ ದಣಿದವರು. "ಹುಡುಗರು ಹೇಳಿದ್ದೆಲ್ಲ ಖರೇ ಅಂತ ಹ್ಯಾಂಗ ನಂಬಾದ್ರಿ? ಮುಂಜಾನಿ ಲಗೂ ಎದ್ದು ಹೊಂಟ್ರ ಯಾಕ ಮುಟ್ಟಾಂಗಿಲ್ಲ?" ಎಂದರು. ಮುಂದಿನ ವಾರ ಸಭೆ. ಅಲ್ಲಿ ಕೈ ಎತ್ತಿದರೆ ಕರಡು ಆದೇಶವಾಗುತ್ತದೆ.

ಹಾಗಾದರೆ ಆ ಹುಡುಗಿಯ ತಾಂಡಾದಿಂದ ನಾನೇ ಸೇಡಂಗೆ ಹೋಗಿ ನೋಡುತ್ತೇನೆಂದು ನನ್ನ ಬಾಯಿಂದ ಹೇಗೆ ಬಂತೋ. ಹೆಂಡತಿ ನನ್ನ ಚೀಲ ನೋಡಿ, "ಕಾಶಿಗಿ ಹೊಂಟೀರೇನು?" ಎಂದಳು. ಎರಡು ಟಾರ್ಚು, ಗುಳಿಗೆಗಳ ಡಬ್ಬಿ, ಛತ್ರಿ, ಹಗ್ಗ. ಹಗ್ಗ ಯಾತಕ್ಕೆ ಎಂದು ಆಕೆ ಕೇಳಿದಳು. ನನಗೂ ಗೊತ್ತಿರಲಿಲ್ಲ.

ತಾಂಡಾದ ಶಾಲೆಯ ಕೋಣೆಯಲ್ಲಿ ಮಲಗಿದೆ. ಹುಡುಗಿಯ ತಂದೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, "ಸಾಹೇಬರು ನಡೀತೀರೇನ್ರಿ ಅಷ್ಟು ದೂರ?" ಎಂದು ಅನುಮಾನದಿಂದ ನನ್ನ ಹೊಟ್ಟೆ ನೋಡಿದ. ಬೆಳಗಿನ ಐದಕ್ಕೆ ಹೊರಟೆವು. ಹುಡುಗಿ ಮುಂದೆ, ನಾನು ನಡುವೆ, ತಂದೆ ಹಿಂದೆ. ಮೊದಲ ಬಸ್ಸು ನಿಲ್ಲುವ ರಸ್ತೆಗೆ ತಾಸೂವರೆ ದಾರಿ.

ನಾನು ಟಾರ್ಚು ಹಾಕಿದೆ. "ಬ್ಯಾಡ್ರಿ ಸರ್, ಅದು ಹಾಕಿದ್ರ ದಾರಿ ಕಾಣಾಂಗಿಲ್ಲ" ಎಂದಳು. ಆರಿಸಿದೆ. ನಿಜ, ಸ್ವಲ್ಪ ಹೊತ್ತಿಗೆ ಎಲ್ಲ ಕಾಣತೊಡಗಿತು. ತೊಗರಿ ಹೊಲದ ಮೇಲೆ ಮಂಜು, ಬಂಡೆಗಳ ಬಿಳಿ ಬೆನ್ನು, ಆಕಾಶದ ತುಂಬ ನಾನು ಹೆಸರು ಮರೆತ ಚುಕ್ಕಿಗಳು. ಸಿಮೆಂಟಿನ ಧೂಳಿನ ಊರುಗಳಲ್ಲಿ ಬೆಳೆದವನು ನಾನು. ಇಷ್ಟು ಚುಕ್ಕಿ ನಮ್ಮ ಜಿಲ್ಲೆಯ ಮೇಲೆಯೇ ಇವೆ ಎಂದು ತಿಳಿದಿರಲಿಲ್ಲ. ಹಂದಿ, ನಾಯಿ, ಹಾವು ಎಂದು ನಾನು ಕ್ರಮವಾಗಿ ಹೆದರುತ್ತ ಬಂದರೆ, ಆಕೆ ನಡೆಯುತ್ತಲೇ ರಾಜ್ಯಶಾಸ್ತ್ರದ ಉತ್ತರಗಳನ್ನು ಪಿಸುಗುಡುತ್ತಿದ್ದಳು. ಒಂದು ಉತ್ತರ ಒಂದು ಹೊಲದುದ್ದಕ್ಕೆ ಸರಿಹೋಗುತ್ತಿತ್ತು. ಹತ್ತು ಅಂಕದ್ದಾದರೆ ಎರಡು ಹೊಲ.

ಹಳ್ಳ ದಾಟಿದ ಮೇಲೆ ಕೇಳಿದಳು. "ಸರ್, ಸುತ್ತೋಲಿ ನೀವೇ ಬರೀತೀರಂತ?"

"ಹೂಂ ಯವ್ವಾ."

"ಭಾಳ ಉದ್ದ ಬರೀತೀರಿ ಸರ್. ನಮ್ಮ ಆಪಾಗ ದಮ್ಮ ಹತ್ತತದ."

ಹಿಂದಿನಿಂದ ತಂದೆ ಗದರಿದ. ನನಗೆ ನಗು ಬಂತು. ಇಪ್ಪತ್ತು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಮೊದಲ ವಿಮರ್ಶೆ ಅದು.

ಬಸ್ಸು ಏಳಕ್ಕೆ ಬಂತು. ದಾರಿಯಲ್ಲಿ ಒಂದು ಕೂಡುರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ ಡ್ರೈವರ್ ನಿಲ್ಲಿಸಿದ. "ಆ ಹುಡುಗಿ ಬರಬೇಕಲ್ಲ" ಎಂದು ಕಂಡಕ್ಟರ್ ಹೊಲದ ಕಡೆ ನೋಡುತ್ತ ನಿಂತ. ದೂರದ ಬದುವಿನ ಮೇಲೆ ಪುಸ್ತಕ ಎದೆಗವಚಿಕೊಂಡು ಇನ್ನೊಬ್ಬಳು ಓಡಿಬರುತ್ತಿದ್ದಳು. ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲ. ಒಬ್ಬ ಮುದುಕಿ ಜಾಗ ಮಾಡಿ ಕುಳಿತಳು. ಯಾವ ಆದೇಶವೂ ಇಲ್ಲದೆ, ಯಾವ ಕಡತವೂ ಇಲ್ಲದೆ, ಒಂದು ಇಡೀ ಬಸ್ಸು ಒಬ್ಬ ವಿದ್ಯಾರ್ಥಿನಿಗಾಗಿ ಯೋಜನೆ ಮಾಡಿಕೊಂಡಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಚಿಂಚೋಳಿಯಲ್ಲಿ ಇಳಿದಾಗ ಎಂಟೂವರೆ. ಸೇಡಂನ ಬಸ್ಸು ಹೋಗಿ ಐದು ನಿಮಿಷವಾಗಿತ್ತು. ಮುಂದಿನದು ಒಂಬತ್ತೂಕಾಲಕ್ಕೆ. ಸೇಡಂನಲ್ಲಿ ಇಳಿದು, ಪರೀಕ್ಷೆ ನಡೆಯಲಿರುವ ಕಾಲೇಜಿನ ಗೇಟಿಗೆ ಸರಸರ ನಡೆದು ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಹತ್ತು ಗಂಟೆ ನಲವತ್ತು ನಿಮಿಷ. ಪರೀಕ್ಷೆ ಇದ್ದಿದ್ದರೆ ಹತ್ತೂವರೆಗೆ ಬಾಗಿಲು ಮುಚ್ಚಿರುತ್ತಿತ್ತು. ಹುಡುಗಿ ಗೇಟನ್ನು ನೋಡಿದಳು, ನನ್ನನ್ನು ನೋಡಿದಳು. "ನಾ ಹೇಳಿದ್ದಿಲ್ಲೇನ್ರಿ?" ಎನ್ನಬಹುದಿತ್ತು. "ನೀರ ಕುಡೀರಿ ಸರ್, ಭಾಳ ಬೆವತೀರಿ" ಎಂದಳು.

ಸಭೆಯಲ್ಲಿ ಒಬ್ಬ ಸದಸ್ಯರು, "ಸೇಡಂನಾಗ ನೆಂಟರ ಮನಿ ಇರ್ತಾವಲ್ರಿ" ಎಂದರು. ಇನ್ನೊಬ್ಬರು, "ಒಂದು ಕೇಂದ್ರಕ್ಕ ಸಡಿಲ ಮಾಡಿದ್ರ ಎಲ್ಲರೂ ಕೇಳ್ತಾರ" ಎಂದರು. ನಾನು ಸಭೆಯಲ್ಲಿ ಚಹಾದ ಬಗ್ಗೆ ಬಿಟ್ಟು ಬೇರೆ ವಿಷಯಕ್ಕೆ ಬಾಯಿ ತೆರೆದವನಲ್ಲ. ಎದ್ದು ನಿಂತಾಗ ಕುರ್ಚಿ ಹಿಂದಕ್ಕೆ ಬಿತ್ತು.

"ಆ ಗೆರಿ ಎಳದಾಂವ ನಾನೇ ಸರ. ತಪ್ಪು ಎಳದೀನಿ. ಐದಕ್ಕ ಮನಿ ಬಿಟ್ಟು ನಾನೇ ಹೋಗಿ ನೋಡೀನಿ. ಹತ್ತು ನಲವತ್ತಕ್ಕ ಮುಟ್ಟೀನಿ. ಹತ್ತೂವರಿಗಿ ಬಾಗಿಲಾ ಹಾಕಬೇಕು ಅಂತ ನಿಯಮ ಅದ. ಅದನ್ನೂ ನಾನೇ ಬರ್ದೀನಿ."

ಯಾರೋ ನಕ್ಕರು. ಕುಲಸಚಿವರು ನಗಲಿಲ್ಲ. "ನೀವು ನಿಧಾನ ನಡದಿರಬೇಕು" ಎಂದರು.

"ನಡದಿರಬಹುದು ಸರ. ಆದ್ರ ಬಸ್ಸು ನನ್ನ ಸಲುವಾಗಿ ತಡಾ ಮಾಡಿಲ್ಲ. ಮೊದಲನೇ ಬಸ್ಸೇ ಅದು. ಅದಕ್ಕೂ ಮುಂಚಿ ಇನ್ನೊಂದಿಲ್ಲ."

ಅವರು ಆಪಾಳ ಹಾಳೆಯನ್ನು ಎಳೆದುಕೊಂಡು, ಹಿಂದಿನ ದಿನ, ಹಿಂದಿನ ದಿನ ಎಂದು ಮೇಲಿನಿಂದ ಕೆಳಗೆ ಬೆರಳಾಡಿಸುತ್ತ ಬಹಳ ಹೊತ್ತು ಓದಿದರು. ಕೊನೆಗೆ, "ಈ ವರ್ಷ ಚಿಂಚೋಳಿ ಕೇಂದ್ರ ಹಂಗೇ ಇರಲಿ. ಮುಂದಿಂದು ಮುಂದ ನೋಡೂನು. ವೀಕ್ಷಕರಾಗಿ ನೀವೇ ಹೋಗ್ರಿ" ಎಂದರು. ಮುಂದಿನದು ಏನಾಗುತ್ತದೋ ಎಂದು ನಾನು ಆ ಕ್ಷಣದಿಂದಲೇ ಚಿಂತೆ ಶುರು ಮಾಡಿದೆ. ಆದರೂ ಆ ವರ್ಷದ ಮಟ್ಟಿಗೆ ತಾಂಡಾದ ಹುಡುಗಿ ಪರೀಕ್ಷೆ ಬರೆಯಬಹುದಿತ್ತು.

ಮೊದಲ ಪತ್ರಿಕೆಯ ದಿನ ನಾನು ಎಂಟಕ್ಕೇ ಚಿಂಚೋಳಿಯ ಕೇಂದ್ರದಲ್ಲಿದ್ದೆ. ವಿದ್ಯಾರ್ಥಿಗಳು ಗುಂಪು ಗುಂಪಾಗಿ ಬಂದರು. ಒಂದು ಬಸ್ಸಿನವರು, ಇನ್ನೊಂದು ಬಸ್ಸಿನವರು, ಟಂಟಂನಲ್ಲಿ ನೇತಾಡಿಕೊಂಡು ಬಂದವರು, ನಡೆದೇ ಬಂದವರು. ಒಂಬತ್ತರೊಳಗೆ ಪಡಸಾಲೆ ತುಂಬಿತು. ಒಬ್ಬೊಬ್ಬರ ಮುಖ ನೋಡುತ್ತ, ಈಕೆ ಎಷ್ಟಕ್ಕೆ ಎದ್ದಳೋ, ಈತನ ಹಳ್ಳದಲ್ಲಿ ನೀರು ಎಷ್ಟಿತ್ತೋ ಎಂದು ಎಣಿಸುತ್ತ ನಿಂತೆ. ಇಷ್ಟು ದಿಕ್ಕುಗಳಿಂದ ಇಷ್ಟು ಜನ ಒಂದೇ ಹೊತ್ತಿಗೆ ಒಂದು ಬಾಗಿಲಿಗೆ ಬಂದು ನಿಲ್ಲುವುದು, ನಾನು ಕಾಗದದಲ್ಲಿ ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಿದ್ದ ಸಂಗತಿ.

ತಾಂಡಾದ ಹುಡುಗಿ ಎರಡನೆಯ ಕೋಣೆಯಲ್ಲಿ ಗೋಡೆಯ ಪಕ್ಕ ಕುಳಿತಳು. ನಾನು ಬಾಗಿಲಲ್ಲಿ ನಿಂತು ಮುಗುಳ್ನಕ್ಕೆ. ಆಕೆ ನೋಡಲಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಒಮ್ಮೆ ತುಟಿ ಅಲುಗಿತು, ತಲೆ ಬಗ್ಗಿಸಿದಳು, ಮತ್ತೆ ಎತ್ತಲಿಲ್ಲ. ಎರಡು ತಾಸಿನ ಮೇಲೆ ಎಡಗೈ ಮೇಲೆತ್ತಿದಳು. ಬಲಗೈ ಇನ್ನೂ ಬರೆಯುತ್ತಿತ್ತು. ಮೇಲ್ವಿಚಾರಕರು ಕೋಣೆಯ ಆ ತುದಿಯಲ್ಲಿದ್ದರು. ಅವರಿಂದ ಹೆಚ್ಚುವರಿ ಹಾಳೆ ಇಸಿದುಕೊಂಡು ನಾನೇ ಹೋಗಿ ಆಕೆಯ ಮೇಜಿನ ಮೇಲೆ ಇಟ್ಟೆ. ಯಾರು ಕೊಟ್ಟರೆಂದು ನೋಡದೆ ಅದನ್ನು ಎಳೆದುಕೊಂಡಳು.