ಕಾರಿನಕ್ಕನ ಕರೆಂಟ್ ಕಾರು

ಕಾರಿನಕ್ಕ ನಮ್ಮ ಬೀದಿಗೆ ಬಂದ ದಿನ ಎಲ್ಲರಿಗೂ ಮೊದಲು ಕಂಡದ್ದು ಆಕೆಯ ಎರಡು ಪಾದಗಳು ಮಾತ್ರ. ಮಿಕ್ಕದ್ದೆಲ್ಲ ಒಂದು ಹಳೆಯ ಪೆಟ್ರೋಲ್ ಕಾರಿನ ಅಡಿಯಲ್ಲಿತ್ತು. ಮನೆಯ ಸಾಮಾನು ಇನ್ನೂ ಬಾಗಿಲಲ್ಲೇ ಬಿದ್ದಿತ್ತು. ಆಕೆಯ ಅತ್ತೆ ಟ್ರಂಕಿನ ಮೇಲೆ ಕುಳಿತು, "ಇವಳ ಸಂಸಾರ ಕಾರಿನ ಕೆಳಗೇ. ನಾವು ಮೇಲ್ಗಡೆ ಎಲ್ಲಾದರೂ ಜಾಗ ನೋಡ್ಕೋಬೇಕು" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ಕೆಳಗಿನಿಂದ ನಗು ಕೇಳಿಸಿತು. ಆಮೇಲೆ ಮುಖ ಹೊರಬಂತು, ಮೂಗಿನ ತುದಿಯಲ್ಲಿ ಗ್ರೀಸು. ಅಂದೇ ಕಾರಿನಕ್ಕ ಎಂಬ ಹೆಸರು ಅಂಟಿಕೊಂಡಿತು.

ಆಕೆ ಬಾಡಿಗೆಗೆ ಕಾರು ಓಡಿಸುತ್ತಿದ್ದರು. ನಮ್ಮ ಬೀದಿ ಗುಡ್ಡದ ನೆತ್ತಿಯಲ್ಲಿದೆ, ದೊಡ್ಡಾಸ್ಪತ್ರೆ ತಪ್ಪಲಿನಲ್ಲಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಕೆಳಗೆ ಬಿಟ್ಟು, ಮುಗಿದ ಮೇಲೆ ಮನೆಗೆ ತಂದು ಬಿಡುವುದು ಆಕೆಯ ಕೆಲಸ. ಹೋಗುವಾಗ ಬಾಯಿತುಂಬ ಮಾತಾಡುವವರು ಬರುವಾಗ ಹಿಂಡಿದ ಬಟ್ಟೆಯಂತಾಗಿರುತ್ತಾರೆ. ಅವರಿಗೆ ಕುಲುಕಬಾರದು, ಚಳಿಯಾಗಬಾರದು. ಆಕೆಯ ಗಂಡ ಕೆಳಬೀದಿಯಲ್ಲಿ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದರು. ಬಾಗಿಲೊಂದೇ ಇದ್ದ ಆ ಸಣ್ಣ ಅಂಗಡಿ ಸ್ವಂತದ್ದು. ಹಳೆಯ ಕಾರು ಬಿಟ್ಟರೆ ಆ ಸಂಸಾರಕ್ಕೆ ಸ್ವಂತದ್ದೆಂದು ಇದ್ದದ್ದು ಅದೊಂದೇ.

ಕಾರು ಓಡಿಸುವುದನ್ನು ಕಲಿಸಿದವರು ಆಕೆಯ ತಂದೆ. ಅವರೂ ಬಾಡಿಗೆ ಗಾಡಿಯವರೇ. ಇಳಿಜಾರು ಬಂದ ಕೂಡಲೇ ಗೇರು ತೆಗೆದು ನ್ಯೂಟ್ರಲ್‌ಗೆ ಹಾಕಬೇಕು, ಕಾರು ತನ್ನ ಭಾರಕ್ಕೆ ತಾನೇ ಉರುಳುತ್ತದೆ, ಪೆಟ್ರೋಲು ಉಳಿಯುತ್ತದೆ ಎಂಬುದು ಅವರ ಪಾಠ. ಗುಡ್ಡದ ತಿರುವು ಬಂದರೆ ಸಾಕು, ಮಗಳ ಎಡಗೈ ಕೇಳದೆಯೇ ಗೇರಿನ ಮೇಲೆ ಹೋಗುತ್ತಿತ್ತು.

ಹೀಗೆ ಹೊಟ್ಟೆಬಟ್ಟೆಗೆ ಕೊರತೆಯಿಲ್ಲದೆ ನಡೆದಿದ್ದ ಬದುಕಿಗೆ ಒಂದು ಬೆಳಿಗ್ಗೆ ಭಯ ಹೊಕ್ಕಿತು. ಆಸ್ಪತ್ರೆ ಬೀದಿಯ ಕಂಬಕ್ಕೆ ಹೊಸ ಫಲಕ ಹಾಕಿದ್ದರು: ಬರುವ ವರ್ಷದಿಂದ ಹಳೆಯ ಪೆಟ್ರೋಲ್ ಗಾಡಿಗಳಿಗೆ ಪ್ರವೇಶವಿಲ್ಲ. ಕಾರಿನಕ್ಕ ಅದನ್ನು ಓದಿ, ಮತ್ತೊಮ್ಮೆ ಓದಿ, ಹಿಂದಿನ ಸೀಟಿನಲ್ಲಿದ್ದ ಅಂಚೆ ಮಾಮನ ಕಡೆ ತಿರುಗಿದರು. ಅಂಚೆಯಲ್ಲಿ ಕಾಗದ ಹಂಚಿ ನಿವೃತ್ತರಾದ ಅವರೇ ಆಕೆಯ ಅತಿ ಹಳೆಯ ಗಿರಾಕಿ.

"ಮಾಮ, ಇದು ನಮ್ಮ ಕಾರಿಗೂ ಅನ್ವಯಿಸುತ್ತಾ?"

"ನಿನ್ನ ಕಾರಿಗೂ ಅನ್ವಯಿಸುತ್ತೆ, ನನಗೂ ಅನ್ವಯಿಸುತ್ತೆ. ಇಬ್ಬರೂ ಹೊಗೆ ಬಿಡ್ತೀವಲ್ಲ!" ಎಂದರು ಮಾಮ. ಆಕೆಗೆ ನಗು ಬರಲಿಲ್ಲ.

ಆಕೆಯ ತಮ್ಮ ಕರೆಂಟ್ ಕಾರು ಮಾರುವ ಮಳಿಗೆಯಲ್ಲಿದ್ದ. ಸುದ್ದಿ ಕೇಳಿ ಸಂಜೆಗೇ ಓಡಿ ಬಂದ.

"ಅಕ್ಕಾ, ತಗೊಳ್ಳೋದಾದರೆ ಈಗಲೇ ತಗೋ. ಈ ತಿಂಗಳ ಕೊನೆಗೆ ಸರ್ಕಾರದ ರಿಯಾಯಿತಿ ಮುಗಿಯುತ್ತೆ. ಆಮೇಲೆ ರೇಟು ಮುಟ್ಟಕ್ಕಾಗಲ್ಲ."

ಗಂಡ ಸೂಜಿಗೆ ದಾರ ಪೋಣಿಸುತ್ತ ಕುಳಿತಿದ್ದವರು ತಲೆ ಎತ್ತಿದರು. "ಭಾವಮೈದ ಮಾರುವವನು, ಹಾಗೇ ಹೇಳ್ತಾನೆ. ನನ್ನ ಅಂಗಡಿಗೆ ಬರೋರೆಲ್ಲ ಬೇರೆ ಹೇಳ್ತಾರೆ. ಬ್ಯಾಟರಿ ಅಗ್ಗ ಆಗ್ತಾ ಇದೆಯಂತೆ, ಕಾದರೆ ಇಳಿಯುತ್ತಂತೆ. ಇವತ್ತು ಅಂಗಡಿ ಅಡವಿಟ್ಟು ಕೊಂಡು, ನಾಳೆ ಅದೇ ಕಾರು ಅರ್ಧಕ್ಕೆ ಸಿಕ್ಕರೆ?"

"ಕಾದು ಕೂತು, ಏರಿಬಿಟ್ಟರೆ ಭಾವ?"

"ಏರತ್ತೋ ಇಳಿಯತ್ತೋ, ಊಟ ಆರ್ತಾ ಇದೆ," ಎಂದರು ಅತ್ತೆ.

ಕಾರಿನಕ್ಕ ಅನ್ನ ಕಲಸುತ್ತಲೇ ಕುಳಿತರು. ಕೊಳ್ಳದಿದ್ದರೆ ಗಿರಾಕಿಗಳು ಹೋಗುತ್ತಾರೆ. ಕೊಂಡರೆ ಅಂಗಡಿಯೇ ಹೋಗಬಹುದು. ಇಬ್ಬರ ಮಾತೂ ನಿಜವೆನಿಸುತ್ತಿತ್ತು, ಅದೇ ಹೆದರಿಕೆ.

ಒಂದು ದಿನದ ಮಟ್ಟಿಗೆ ಓಡಿಸಿ ನೋಡಲು ತಮ್ಮನೇ ಮಳಿಗೆಯಿಂದ ಕರೆಂಟ್ ಕಾರು ಕೊಡಿಸಿದ. ಕೀಲಿ ಕೈಗೆ ಬಂದಾಗಿನಿಂದ ಆಕೆಗೆ ಕಳವಳ. ಸದ್ದೇ ಇಲ್ಲ. ಹಳೆಯ ಕಾರಾದರೆ ಕೆಮ್ಮುತ್ತದೆ, ಗೊರಗೊರ ಅನ್ನುತ್ತದೆ, ಎಲ್ಲಿ ನೋವೆಂದು ಹೇಳುತ್ತದೆ. ಇದು ಬಾಯಿ ಹೊಲಿದುಕೊಂಡು ಕುಳಿತಿತ್ತು. ಮಾತಾಡುವುದು ಸ್ಟೀರಿಂಗಿನ ಹಿಂದಿನ ಸಣ್ಣ ಪರದೆಯ ಮೇಲಿನ ಚಾರ್ಜಿನ ಅಂಕಿಯೊಂದೇ. ಮಳಿಗೆಯವರು ಪೂರ್ತಿ ತುಂಬಿಸಿಯೂ ಇರಲಿಲ್ಲ. ಉಳಿಸೋಣವೆಂದು ಆಕೆ ಇಳಿಜಾರು ಬಂದಾಗಲೆಲ್ಲ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರು. ಹೋಗಿ ಬಂದು, ಹೋಗಿ ಬಂದು, ಕೊನೆಗೆ ಅಂಚೆ ಮಾಮನನ್ನು ಕರೆತರುವ ಹೊತ್ತಿಗೆ ಅಂಕಿ ಕೆಂಪಾಗಿತ್ತು.

ಏರು ಶುರುವಾಯಿತು. ಒಂದೊಂದು ತಿರುವಿಗೂ ಅಂಕಿ ಕುಸಿಯುತ್ತಿತ್ತು. ಆಕೆ ಹಾಡು ನಿಲ್ಲಿಸಿದರು. ಹೀಟರು ಆರಿಸಿದರು. ಹಿಂದೆ ಮಾಮನ ಹಲ್ಲು ಕಟಕಟ ಸದ್ದು ಮಾಡಿತು.

"ಚಳಿ ಆಗ್ತಿದೆಯಾ ಮಾಮ?"

"ಇಲ್ಲಮ್ಮ, ಹಲ್ಲಿಗೆ ವ್ಯಾಯಾಮ."

ಕಾರು ನಿಂತರೆ ಗತಿಯೇನು? ಕ್ಯಾನಿನಲ್ಲಿ ತಂದು ಸುರಿಯಲು ಇದೇನು ಪೆಟ್ರೋಲೇ? ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ಹಿಂದೆ ನಿತ್ರಾಣನಾದ ಮುದುಕ. ಆಕೆ ತಾವು ತೊಟ್ಟಿದ್ದ ಕೋಟು ಬಿಚ್ಚಿ ಹಿಂದಕ್ಕೆ ಕೊಟ್ಟು, ನಡೆಯುವವರ ವೇಗದಲ್ಲಿ ಗುಡ್ಡ ಹತ್ತಿಸಿದರು. ಮಾಮನನ್ನು ಅವರ ಮನೆಯ ಬಾಗಿಲಿಗೆ ಮುಟ್ಟಿಸಿದಾಗ ಅಂಕಿ ಸೊನ್ನೆಯ ಅಂಚಿನಲ್ಲಿತ್ತು.

ಸಂಜೆ ತಮ್ಮ ಬಂದ. "ಈ ದರಿದ್ರ ಕಾರು ನನಗೆ ಬೇಡ ಕಣೋ," ಎಂದು ಆಕೆ ಕೀಲಿ ಎಸೆದರು. ನಡೆದದ್ದನ್ನು ಕೇಳಿದ ತಮ್ಮ ಹಣೆ ಹಣೆ ಬಡಿದುಕೊಂಡ.

"ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿದ್ಯಾ? ಅಯ್ಯೋ ಅಕ್ಕಾ! ಗೇರಲ್ಲೇ ಬಿಟ್ಟಿದ್ದರೆ ಇಳಿಯುವಾಗ ಚಕ್ರ ತಿರುಗಿ ಬ್ಯಾಟರಿಗೆ ಚಾರ್ಜು ವಾಪಸ್ ಬರ್ತಿತ್ತು. ನೀನು ಉಳಿಸಲಿಕ್ಕೆ ಹೋಗಿ ಬರೋದನ್ನೂ ಕಳಕೊಂಡೆ."

ಅಪ್ಪ ಕಲಿಸಿದ ಉಳಿತಾಯವೇ ಕೈಕೊಟ್ಟಿತೆಂಬುದು ಆಕೆಗೆ ಅರಗಲು ಹೊತ್ತು ಹಿಡಿಯಿತು. ಕಾರಿನದಲ್ಲ ದೋಷ ಎಂದಾಯಿತು. ಆದರೆ ಅಷ್ಟರಿಂದ ಭಯ ಹೋಯಿತೇ? ಇಲ್ಲ. ಬೇಡ ಅನ್ನಲು ಇದ್ದ ಕಾರಣ ಹೋಯಿತು, ಅಷ್ಟೆ.

ರಿಯಾಯಿತಿಯ ಕಡೆಯ ದಿನ ಗಂಡ ಬೀರುವಿನಿಂದ ಅಂಗಡಿಯ ಪತ್ರ ತೆಗೆದು ಆಕೆಯ ಮುಂದಿಟ್ಟರು.

"ಕಾಯೋಣ ಅಂದವರು ನೀವೇ ಅಲ್ವಾ?"

"ನಾನು ಕಾಯ್ತೀನಿ. ಆಸ್ಪತ್ರೆ ಬೀದಿ ಕಾಯಲ್ವಲ್ಲ."

ಅಂದೇ ಮುಂಗಡ ಕಟ್ಟಿದರು. ಅಂಗಡಿಯ ಮೇಲೆ ಸಾಲ ದೊರೆಯಿತು, ಕಾರು ಬಂತು. ಅತ್ತೆ ಸುತ್ತ ನೋಡಿ, "ಇದರ ಕೆಳಗೆ ಮಲಗಿ ರಿಪೇರಿ ಮಾಡಲಿಕ್ಕೆ ಏನೂ ಇಲ್ಲವಂತಲ್ಲ, ಇನ್ನು ಮೇಲೆ ಮನೇಲೇ ಇರ್ತೀಯಾ?" ಎಂದು ಕೆಣಕಿದರು. ಆದರೆ ಮೂರ್ನಾಲ್ಕು ಕಂತು ಕಟ್ಟುವಷ್ಟರಲ್ಲೇ ಎರಡು ಸುದ್ದಿ ಒಟ್ಟಿಗೆ ಬಂದವು. ಸರ್ಕಾರ ರಿಯಾಯಿತಿಯನ್ನು ಮುಂದುವರಿಸಿತ್ತು. ಕಂಪನಿ ಕಾರಿನ ಬೆಲೆಯನ್ನೂ ಇಳಿಸಿತ್ತು. ತಮ್ಮ ಒಂದಷ್ಟು ಕಾಲ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಗಂಡ ಸುದ್ದಿ ಕೇಳಿ ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಆಕೆಗೆ. ಸಾಲ ಮಾತ್ರ ಹಳೆಯ ಬೆಲೆಯ ಮೇಲೇ ನಿಂತಿತ್ತು.

ಈಗಲೂ ಕಾರಿನಕ್ಕ ದಿನಾ ಗುಡ್ಡ ಇಳಿದು ಹತ್ತುತ್ತಾರೆ. ಪೆಟ್ರೋಲಿನ ಖರ್ಚಿಲ್ಲದ್ದರಿಂದ ಕಂತು ತಪ್ಪಿಲ್ಲ. ಆದರೆ ಒಬ್ಬ ಗಿರಾಕಿ ತಪ್ಪಿದರೂ ರಾತ್ರಿ ಕುಳಿತು ಕಂತಿನ ಲೆಕ್ಕ ಮತ್ತೆ ಹಾಕುತ್ತಾರೆ. ತಿರುವು ಬಂದಾಗ ಎಡಗೈ ಇನ್ನೂ ಗೇರಿನತ್ತ ಹೋಗುತ್ತದೆ, ಸುಟ್ಟುಕೊಂಡವರಂತೆ ಹಿಂದೆಳೆದುಕೊಳ್ಳುತ್ತಾರೆ. ಬೆಲೆ ಬರೆದ ದೊಡ್ಡ ಹಲಗೆ ಕಣ್ಣಿಗೆ ಬೀಳಬಾರದೆಂದು ಮಳಿಗೆಯ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ.

ಮೊನ್ನೆ ಅಂಚೆ ಮಾಮ ಬಹಳ ಸೊರಗಿದ್ದರು. "ಇವತ್ತು ಹತ್ತಿರದ ದಾರೀಲಿ ಹೋಗಮ್ಮ," ಎಂದರು. ಇಲ್ಲವೆನ್ನಲಾಗಲಿಲ್ಲ. ಮಳಿಗೆಯ ಮುಂದೆಯೇ ಕೆಂಪು ದೀಪ ಬಿತ್ತು. ಕತ್ತು ತಿರುಗಿಸಬಾರದೆಂದುಕೊಂಡರೂ ತಿರುಗಿಸಿದರು. ಏಣಿಯ ಮೇಲೆ ನಿಂತವನೊಬ್ಬ ಹಲಗೆಯ ಅಂಕಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದ. ಹಳೆಯದು ಪೂರ್ತಿ ಹೋಗಿತ್ತು, ಹೊಸದು ಇನ್ನೂ ಬರೆದಿರಲಿಲ್ಲ. ಅವನು ಬಣ್ಣದ ಡಬ್ಬಿಗೆ ಕುಂಚ ಅದ್ದಿದ. ಕಾರಿನಕ್ಕ ನೋಡುತ್ತಲೇ ಇದ್ದರು.

"ಹಸಿರು ಬಂತು, ನಡಿ ತಾಯಿ," ಎಂದರು ಹಿಂದಿನಿಂದ ಮಾಮ. "ನನಗೆ ಚಳಿ."

ಆಕೆ ಹೀಟರನ್ನು ಇನ್ನಷ್ಟು ಏರಿಸಿ ಕಾರು ಮುಂದೆ ಬಿಟ್ಟರು.