ಕಾಲು ಟ್ಯಾಂಕು ತೋರಿಸುತ್ತಿದ್ದ ಮುಳ್ಳು

ನಮ್ಮ ಅಪ್ಪನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇತ್ತು. ಅವರ ಗೆಳೆಯರೊಬ್ಬರಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಇಬ್ಬರೂ ಹಾವೇರಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ನಾವು ಮಕ್ಕಳು ಆ ಗೆಳೆಯರನ್ನು ಕಾಕಾ ಎನ್ನುತ್ತಿದ್ದೆವು. ಒಬ್ಬರನ್ನೊಬ್ಬರು ಬೈಯದೆ ಇಬ್ಬರೂ ಮಾತು ಶುರು ಮಾಡಿದ್ದನ್ನು ನಾನು ಕಂಡಿಲ್ಲ.

"ಇನ್ನೂ ಅದೀಯೇನಲೇ?" ಎನ್ನುತ್ತ ಕಾಕಾ ಪಡಸಾಲೆಗೆ ಬರುತ್ತಿದ್ದರು.

"ನಿನ್ನ ಕಳಿಸಿನ ಹೋಗಾಂವ ನಾನು. ಕುಂದರು, ಚಹಾ ಕುಡಿ," ಎಂದು ಅಪ್ಪ ಜಾಗ ಬಿಡುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಿಯುಸಿಗೆಂದು ದಿನವೂ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗುತ್ತಿದ್ದೆ. ಊಟದ ಡಬ್ಬಿ ಒಯ್ಯುವ ಪ್ರಶ್ನೆಯೇ ಇರಲಿಲ್ಲ. ಕಾಲೇಜಿನ ಹತ್ತಿರವೇ ಕಾಕಾ ಅವರ ಮನೆ. ಮುಂದೆ ಅಂಗಡಿ, ಹಿಂದೆ ವಾಸ. ಅವರ ಹೆಂಡತಿ, ನಮ್ಮ ಕಾಕು, ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಕಾಲೇಜಿನ ಸುದ್ದಿ ಕೇಳುತ್ತಿದ್ದರು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಮಗಳಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಿದ್ದರು.

ಆ ವರ್ಷ ಯುಗಾದಿಗೆ ಕಾಕಾ ಹೊಸ ಗಾಡಿ ತೆಗೆದುಕೊಂಡರು. ಹಳೆಯ ಬಿಳಿ ಡೀಸೆಲ್ ಕಾರನ್ನು ಕೊಳ್ಳಲು ದಾವಣಗೆರೆಯಿಂದ ಯಾರೋ ಬಂದಿದ್ದರಂತೆ. ಅವರನ್ನು ವಾಪಸು ಕಳಿಸಿ, ಅಪ್ಪನಿಗೇ ಮಾರುವುದೆಂದು ಅದನ್ನು ನಮ್ಮ ಮನೆಗೆ ತಾವೇ ಓಡಿಸಿಕೊಂಡು ಬಂದರು. ಕೀಲಿಕೈ ಕೊಡುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಮುಂದೆ ಅನಾಹುತಕ್ಕೆ ಕಾರಣವಾದದ್ದು ಅದೇ ಮಾತು.

"ಡೀಸೆಲ್ ಗಾಡಿಪಾ ಇದು. ಟಾಕಿ ಬರಿದ ಮಾಡಬ್ಯಾಡ. ಡೀಸೆಲ್ ತೋರಸೂ ಮುಳ್ಳಿನ ಮ್ಯಾಲೆ ಪೂರ್ತಿ ನಂಬಿಕಿ ಇಡಾಕ ಹೋಗಬ್ಯಾಡ, ಅರ್ಧಕ್ಕ ಬಂತಂದ್ರ ಹಾಕಿಸಿಬಿಡು."

"ಗಾಡಿ ಕೊಟ್ಟಿ, ಸಾಕು. ಬುದ್ಧಿ ನಿನ್ನ ಕಡೇನ ಇಟ್ಕೋ," ಎಂದು ಅಪ್ಪ ನಕ್ಕರು.

ಅಪ್ಪನಿಗೆ ಟ್ಯಾಂಕು ತುಂಬಿಸುವ ಅಭ್ಯಾಸವೇ ಆಗಲಿಲ್ಲ. ಮುಳ್ಳು ಕೆಳಗಿಳಿದಷ್ಟೂ ಅವರಿಗೆ ಹುರುಪು. ಕಾಲು ಟ್ಯಾಂಕು ಇದ್ದರೆ ಹಾವೇರಿಗೆ ಹೋಗಿ ಬಂದು ಮತ್ತೊಮ್ಮೆ ಹೋಗಬಹುದು ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಕಾರು ಒಮ್ಮೆಯೂ ಅವರನ್ನು ದಾರಿಯಲ್ಲಿ ಕೈಬಿಟ್ಟಿರಲಿಲ್ಲ.

ಎಳ್ಳ ಅಮಾವಾಸ್ಯೆ ಮುಗಿದು ಕೆಲವು ವಾರಗಳಾಗಿದ್ದವು. ಅಕ್ಕನನ್ನು ನೋಡಲು ಗದಗಿನ ಕಡೆಯಿಂದ ಹುಡುಗನ ತಂದೆ ಮತ್ತು ಸೋದರಮಾವ ಬಂದರು. ಮಾತುಕತೆ ಚೆನ್ನಾಗಿಯೇ ನಡೆಯಿತು. ಊಟವಾದ ಮೇಲೆ, ಹಾವೇರಿಯಿಂದ ಗದಗಿಗೆ ಮಧ್ಯಾಹ್ನದ ಬಸ್ಸು ಇದೆ, ಹೊರಡುತ್ತೇವೆ ಎಂದು ಎದ್ದರು. ಅಪ್ಪ ಬಿಡಲಿಲ್ಲ. "ನಮ್ಮ ಗಾಡಿ ಇರೂವಾಗ ಬಸ್ಸಿನಾಗ ಯಾಕ್ರಿ ಹಾವೇರಿಗೆ? ನಾನ ಮುಟ್ಟಿಸಿ ಬರ್ತೇನಿ," ಎಂದು ಕೂರಿಸಿಕೊಂಡರು. ಹಾವೇರಿಯಲ್ಲಿ ನನಗೊಂದು ಪುಸ್ತಕ ಕೊಡಿಸುವುದಿತ್ತು; ಹಾಗಾಗಿ ಮುಂದಿನ ಸೀಟಿನಲ್ಲಿ ನಾನೂ ಇದ್ದೆ.

ಮೋಟೆಬೆನ್ನೂರು ದಾಟಿ ದೊಡ್ಡ ರಸ್ತೆಗೆ ಬಂದು ಸ್ವಲ್ಪ ದೂರ ಹೋಗಿರಬೇಕು, ಎಂಜಿನ್ ಎರಡು ಸಲ ಜಗ್ಗಿತು. ಆಮೇಲೆ ಸದ್ದೇ ಇಲ್ಲ. ಕಾರು ತಾನಾಗಿ ಉರುಳಿ ಒಂದು ಜಾಲಿಗಿಡದ ಹತ್ತಿರ ನಿಂತಿತು. ಅಪ್ಪ ಮುಳ್ಳು ನೋಡಿದರು. ನಾನೂ ನೋಡಿದೆ. ಕಾಲು ಟ್ಯಾಂಕು ಡೀಸೆಲ್ ತೋರಿಸುತ್ತಿತ್ತು.

ಬೀಗರಾಗುವವರನ್ನು ಬಿಸಿಲಿನಲ್ಲಿ ನಿಲ್ಲಿಸಿ ಅಪ್ಪ ಬಾನೆಟ್ ಎತ್ತಿ ಅದನ್ನು ಇದನ್ನು ಮುಟ್ಟಿದರು. ಮತ್ತೆ ಮತ್ತೆ ಕೀಲಿ ತಿರುಗಿಸಿ ಬ್ಯಾಟರಿಯೂ ಸೋತಿತು. ಕೊನೆಗೆ ಒಂದು ಲಾರಿ ನಿಂತಿತು. ಡ್ರೈವರು ಟ್ಯಾಂಕಿನೊಳಗೆ ಕೋಲು ಬಿಟ್ಟು ತೆಗೆದರೆ ಅದು ಒಣಗಿಯೇ ಬಂತು.

"ಡೀಸೆಲ್ಲ ಇಲ್ಲಲ್ರಿ ಸಾವ್ಕಾರ್ರ."

"ಕಾಲ್ ಟಾಕಿ ತೋರ್ಸಾಕತ್ತೈತಲ್ಲೋ!"

"ಮುಳ್ಳೇನರ ತೋರಸಲ್ರಿ. ಒಳಗ ಗಾಳಿ ಹೊಕ್ಕೈತಿ. ಈಗ ಡೀಸೆಲ್ ಹಾಕಿದ್ರೂ ಲಗೂ ಚಾಲೂ ಆಗಂಗಿಲ್ಲ, ಗಾಳಿ ತಗೀಬೇಕು."

ಅಷ್ಟು ಹೊತ್ತು ಕಾಯುವ ಹಾಗಿರಲಿಲ್ಲ. ಬ್ಯಾಡಗಿ ಪೇಟೆಯಲ್ಲಿ ಮಾಲು ಇಳಿಸಿ ಹಾವೇರಿಯ ಕಡೆ ಹೊರಟಿದ್ದ ಟ್ರ್ಯಾಕ್ಟರೊಂದು ಬಂತು. ಹುಡುಗನ ತಂದೆ, ಸೋದರಮಾವ ಇಬ್ಬರೂ ಗರಿಗರಿ ಬಿಳಿ ಧೋತರ ಎತ್ತಿಕಟ್ಟಿ ಟ್ರೇಲರ್ ಹತ್ತಿ ಖಾಲಿ ಚೀಲಗಳ ಮೇಲೆ ಕೂತರು. ಟ್ರ್ಯಾಕ್ಟರು ಜಗ್ಗಿದ ಕೂಡಲೇ ಚೀಲಕ್ಕೆ ಅಂಟಿದ್ದ ಮೆಣಸಿನಕಾಯಿಯ ಘಾಟು ಎದ್ದಿತು. ಅವರು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ದೂರವಾಗುವುದನ್ನು ಅಪ್ಪ ರಸ್ತೆಯ ಮೇಲೆ ನಿಂತು ನೋಡಿದರು. ಗದಗಿನ ಬಸ್ಸು ಅವರಿಗೆ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು.

ಮರುದಿನ ಮಧ್ಯಾಹ್ನ ನಾನು ಕಾಕಾ ಅವರ ಮನೆಯ ಅಡಿಗೆಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮೊದಲನೆಯ ರೊಟ್ಟಿ ಮುರಿದಿದ್ದೆನಷ್ಟೆ, ಅಂಗಡಿಯಿಂದ ಅಪ್ಪನ ದನಿ ಕೇಳಿಸಿತು. ಎಂದಿನ ಬೈಗುಳವೇ ಇರಬೇಕೆಂದು ಕಾಕು ಮುಗುಳ್ನಕ್ಕರು. ಆಮೇಲೆ ಅವರ ಕೈ ಒಲೆಯ ಹತ್ತಿರವೇ ನಿಂತಿತು.

"ಮುಳ್ಳು ಸುಳ್ಳು ಹೇಳ್ತೈತಿ ಅಂತ ಗೊತ್ತಿದ್ದ ನನ್ನ ಕೊಳ್ಳಾಗ ಕಟ್ಟೀದಿ ನೀ!"

"ನನ್ನ ಕಡೆ ಇದ್ದಾಗ ಸರಿ ಇತ್ತೋ. ಖರೇನ ಹೇಳ್ತೇನಿ," ಎಂದರು ಕಾಕಾ.

"ಸರಿ ಇದ್ರ, ಮುಳ್ಳಿನ ಮ್ಯಾಲೆ ನಂಬಿಕಿ ಇಡಬ್ಯಾಡ ಅಂತ ಯಾಕ ಹೇಳಿದಿ? ಗೊತ್ತಿತ್ತು ನಿನಗ. ಅದಕ್ಕ ಹೇಳಿದಿ."

"ಯಾವ ಗಾಡಿ ಇದ್ರೂ ಹಂಗ ಹೇಳ್ತಿದ್ನಿ ಮಾರಾಯಾ. ನಿನ್ನ ಕಾಳಜಿಗೆ ಹೇಳಿದ್ದು."

"ನಿನ್ನ ಕಾಳಜಿ ಗೊತ್ತಾತು ಬಿಡು. ಗೆಳ್ಯಾ ಅಂತ ಕಣ್ಣುಮುಚ್ಚಿ ತಗೊಂಡ್ನಲ್ಲ, ಬುದ್ಧಿ ಇಲ್ಲ ನನಗ. ಬೀಜಾನೂ ಹಿಂಗ ಮಾರ್ತೀಯೇನು ರೈತರಿಗೆ?"

ಅಂಗಡಿಯಲ್ಲಿ ಬೀಜ ಕೊಳ್ಳಲು ಬಂದ ರೈತರಿದ್ದರು. ಅಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು "ಏಳು, ಹೋಗೂಣು" ಎಂದರು.

"ಊಟದ ಮ್ಯಾಲಿಂದ ಎಬ್ಬಸಬ್ಯಾಡ್ರಿ ಅಣ್ಣಾರ. ಹುಡುಗಿ ಉಣ್ಲಿ," ಎಂದರು ಕಾಕು.

ನಾನು ಅಪ್ಪನ ಮುಖ ನೋಡಿ ಎದ್ದೆ. ಕೈ ತೊಳೆಯಲು ಕಾಕು ತಂಬಿಗೆಯಿಂದ ನೀರು ಹಾಕಿದರು.

ಮಾರನೆಯ ದಿನದಿಂದ ಅವ್ವ ನನಗೆ ಡಬ್ಬಿ ಕಟ್ಟತೊಡಗಿದಳು. ಕಾಲೇಜಿನ ಹುಡುಗಿಯರ ಕೋಣೆಯಲ್ಲಿ ತಣ್ಣಗಾದ ಚಪಾತಿ ತಿನ್ನುವಾಗ ಆ ಬಿಸಿ ರೊಟ್ಟಿಗಿಂತ ಹೆಚ್ಚಾಗಿ ಕಾಕು ಕೇಳುತ್ತಿದ್ದ ಪ್ರಶ್ನೆಗಳು ನೆನಪಾಗುತ್ತಿದ್ದವು. ಅಡ್ಡದಾರಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಹೋಳಿಯ ಹೊತ್ತಿಗೆ ನಮ್ಮ ಅಂಗಳದಲ್ಲಿ ಡೀಸೆಲ್ ವಾಸನೆ ಬರತೊಡಗಿತು. ಕಾರಿನ ಅಡಿಯಲ್ಲಿ ಸಣ್ಣ ಕಲೆ, ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಅಪ್ಪ ಹಾವೇರಿಯ ಗ್ಯಾರೇಜಿಗೆ ಒಯ್ದು ಟ್ಯಾಂಕು ಬಿಚ್ಚಿಸಿದರು. ತಳ ಒಳಕ್ಕೆ ಜಜ್ಜಿಹೋಗಿತ್ತು; ಅದರ ಅಂಚು ಬಿರಿದು ಸೋರುತ್ತಿತ್ತು. ಡೀಸೆಲ್ಲಿನ ಮೇಲೆ ತೇಲುತ್ತ ಮುಳ್ಳನ್ನು ಆಡಿಸುವ ತೇಲುಬುಂಡೆ ಆ ಜಜ್ಜಿದ ಉಬ್ಬಿನ ಮೇಲೆ ಕೂತುಬಿಡುತ್ತಿತ್ತು. ಟ್ಯಾಂಕು ಬರಿದಾದರೂ ಅದು ಕಾಲುಭಾಗದಿಂದ ಕೆಳಗೆ ಇಳಿಯುವಂತಿರಲಿಲ್ಲ. ಕಲ್ಲಿಗೆ ಹೊಡೆದಿರಬೇಕು, ಏಟು ಬಹಳ ಹಳೆಯದೇನಲ್ಲ ಎಂದು ಗ್ಯಾರೇಜಿನವರು ಹೇಳಿದರು.

ಅಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತಿದಳು.

"ಎಳ್ಳ ಅಮಾಸಿ ದಿನ ಧಡ್ ಅಂದಿತ್ತಲ್ರಿ."

ನಮಗೆಲ್ಲ ನೆನಪಾಯಿತು. ಕದರಮಂಡಲಗಿಯ ಹತ್ತಿರ ನಮ್ಮ ಹೊಲ. ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಕಾರಿನಲ್ಲೇ ಹೋಗಿದ್ದೆವು. ಬದುವಿನ ತನಕ ಗಾಡಿ ಹೋಗುತ್ತದೆ ಎಂದು ಅಪ್ಪ ಹಟ ಹಿಡಿದು ಓಡಿಸಿದ್ದರು. ಅಡಿಯಲ್ಲಿ ದೊಡ್ಡ ಸದ್ದಾಗಿತ್ತು. ಅವರೇ ಇಳಿದು ಬಗ್ಗಿ ನೋಡಿ, ಏನೂ ಆಗಿಲ್ಲ ಎಂದಿದ್ದರು. ಆಮೇಲೆ ಪೇಟೆಯ ಸುಗ್ಗಿಯಲ್ಲಿ ಕಾರು ಹೆಚ್ಚಾಗಿ ಹೊರಗೆ ಹೋಗಿರಲಿಲ್ಲ. ಮುಳ್ಳು ಅಷ್ಟು ಕೆಳಗೆ ಇಳಿದದ್ದು ಬೀಗರು ಬಂದ ದಿನವೇ.

ಅಪ್ಪ ಕಾರಿನ ಕೀಲಿಕೈಯನ್ನು ಗೂಟಕ್ಕೆ ತೂಗುಹಾಕಿದರು.

"ಇವತ್ತ ಹೋಗಿ ಬರ್ರಿ ಅವರ ಕಡೆ," ಎಂದಳು ಅವ್ವ.

"ಹೋಗ್ತೇನಿ."

ಹೋಗಲಿಲ್ಲ. ಸುಗ್ಗಿ ಮುಗಿಯಲಿ ಎಂದರು. ಯುಗಾದಿ ಆಗಲಿ ಎಂದರು. ಅಷ್ಟರಲ್ಲಿ ಗದಗಿನವರು ಮದುವೆಗೆ ಒಪ್ಪಿ ದಿನ ಗೊತ್ತುಮಾಡಿದರು. ಲಗ್ನಪತ್ರಿಕೆ ಕೊಡುವ ನೆಪ ಸಿಕ್ಕ ಮೇಲೆಯೇ ಅಪ್ಪ ರಾಣೆಬೆನ್ನೂರಿಗೆ ಹೊರಟದ್ದು. ಅವ್ವ, ನಾನು ಜೊತೆಗಿದ್ದೆವು.

ನಮ್ಮನ್ನು ನೋಡಿ ಕಾಕಾ ಗಾದಿಯಿಂದ ಎದ್ದು ನಿಂತರು. "ಬರ್ರಿ, ಬರ್ರಿ. ಕುಂದ್ರಿ," ಎಂದರು.

ಆ ಗೌರವದ 'ರಿ' ಕೇಳಿ ಅಪ್ಪ ಹೊಸ್ತಿಲಲ್ಲೇ ಅರೆಗಳಿಗೆ ನಿಂತರು. ಅವರಿಬ್ಬರ ನಡುವೆ ಆ ತನಕ ಅದು ಬಂದಿರಲಿಲ್ಲ. ಕೂತು ಪತ್ರಿಕೆ ಕೊಟ್ಟು, ತಲೆ ತಗ್ಗಿಸಿಯೇ ಹೇಳಿದರು: "ಟಾಕಿ ಬಿಚ್ಚಿಸಿದ್ವಿ. ಹೊಲದಾಗ ನಾನ ಕಲ್ಲಿಗೆ ಹೊಡದಿದ್ನಿ. ತಪ್ಪ ನಂದೋ. ಬಾಯಿಗೆ ಬಂದಂಗ ಅಂದೆ ನಿನಗ."

"ಆತ ಬಿಡ್ರಿ. ಯಂತ್ರ ಅಂದ ಮ್ಯಾಲೆ ಹಂಗ ಇರ್ತಾವು."

"ಮೊದಲಿನಂಗ ಬೈದಬಿಡೋ ನನಗ."

ಕಾಕಾ ಸಣ್ಣಗೆ ನಕ್ಕರು. "ನಿಮಗ ಬೈಯಾಕ ಹೆಂಗ ಬರ್ತೈತ್ರಿ? ಚಹಾ ತಗೋರಿ, ಆರ್ತೈತಿ."

ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಅವರು ಸಿಟ್ಟಿನಲ್ಲಿದ್ದಿದ್ದರೆ ಅಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಳಗೆ ಕಾಕು ನನ್ನ ತಲೆ ಸವರಿ, ಊಟ ಆಯಿತೇ ಎಂದು ಕೇಳಿದರು. ಆಗಿರಲಿಲ್ಲ. ಆಗಿದೆ ಎಂದೆ. ಯಾಕೆ ಹಾಗೆ ಹೇಳಿದೆನೋ ಇವತ್ತಿಗೂ ತಿಳಿಯದು.

ಮದುವೆಗೆ ಕಾಕಾ, ಕಾಕು ಇಬ್ಬರೂ ಬಂದರು. ಅಕ್ಕನಿಗೆ ಒಳ್ಳೆಯ ಸೀರೆ ತಂದಿದ್ದರು. ಪಂಕ್ತಿಯಲ್ಲಿ ಅಕ್ಕನ ಮಾವ ಟ್ರ್ಯಾಕ್ಟರಿನಲ್ಲಿ ಸೀನುತ್ತ ಹೋದ ಕಥೆ ಹೇಳಿ ಎಲ್ಲರನ್ನೂ ನಗಿಸಿದರು. ಆ ದಿನದ ಬಗ್ಗೆ ಅವರಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಮನೆಗೆ ಹೋಗುವಷ್ಟರಲ್ಲೇ ಅದೊಂದು ತಮಾಷೆಯಾಗಿತ್ತಂತೆ. ಕಾಕಾ ಎಲ್ಲರ ಜೊತೆ ನಕ್ಕು, ಊಟ ಮುಗಿಸಿ, ಅಪ್ಪನಿಗೆ ಕೈಮುಗಿದು ಹೋದರು. ಆಮೇಲೆ ಹಬ್ಬ, ಮದುವೆ, ಸಾವುಗಳಲ್ಲಿ ಇಬ್ಬರೂ ಸಿಗುತ್ತಿದ್ದರು. ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದರು. ನಮ್ಮ ಪಡಸಾಲೆಗೆ ಕರೆಯದೆ ಕಾಕಾ ಮತ್ತೆ ಬರಲಿಲ್ಲ.

ಕಾರು ಮಾರಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಸಂಜೆ ಅಪ್ಪನ ಜೊತೆ ಅಂಗಳದಲ್ಲಿ ಕೂತಾಗ ಕೇಳಿದೆ: "ಅವತ್ತ ಅಂಗಡ್ಯಾಗ ಕಾಕಾಗ ಯಾಕ ಹಂಗ ಅಂದ್ರಿ ಅಪ್ಪಾ?"

ಕಾರು ನಿಲ್ಲುತ್ತಿದ್ದ ಜಾಗದ ಕಡೆ ನೋಡುತ್ತ ಅಪ್ಪ ಹೇಳಿದರು.

"ಬೀಗರ ಮುಂದ ಮಾನ ಹೋಗಿತ್ತವ್ವಾ. ಯಾರಿಗರ ಅನ್ನಬೇಕಾಗಿತ್ತು. ಹೊರಗಿನವರಿಗೆ ಅನ್ನಾಕ ಧೈರ್ಯ ಬೇಕು. ಅಂವ ಹತ್ತರದಾಂವ ಇದ್ದ."